ಮೀಟರು ಬರೆದಿಟ್ಟ ದಿನಚರಿ

ಕಳೆದ ವರ್ಷ ಗಣೇಶ ಚೌತಿಗೆ ನಾಲ್ಕು ದಿನ ಧಾರವಾಡಕ್ಕೆ ಹೋಗಿ ಪುಣೆಗೆ ಮರಳಿದ ಮರುದಿನವೇ ಮನೆ ಮಾಲೀಕರ ಫೋನು ಬಂತು. ಅವರಿರುವುದು ನಾಸಿಕ್‌ನಲ್ಲಿ. ಬಾಡಿಗೆ ಕರಾರು ಬದಲಿಸುವಾಗ ವರ್ಷಕ್ಕೊಮ್ಮೆ ನಮ್ಮ ಫ್ಲ್ಯಾಟಿಗೆ ಬಂದರೆ ಹೆಚ್ಚು. "ಊರಿಗೆ ಹೋಗಿದ್ದಿರಾ?" ಎಂದು ಕೇಳಿದರು. ಹೌದು ಕಾಕಾ, ಎಂದೆ. "ಅಂದುಕೊಂಡೆ. ದಿನಾ ಆರೇಳು ಯೂನಿಟ್ ಬರುತ್ತಿದ್ದದ್ದು ನಾಲ್ಕು ದಿನ ಒಂದಕ್ಕೇ ನಿಂತಿತ್ತು" ಎಂದರು.

ಸಿಟ್ಟು ಬರುವಂಥ ಮಾತೇನೂ ಅದಲ್ಲ. ಅವರು ಒಳ್ಳೆಯವರು. ಬೀಗ ಸರಿಯಾಗಿ ಹಾಕಿದ್ದಿರಲ್ಲ ಎಂಬ ಕಾಳಜಿಯೂ ಆ ಮಾತಿನಲ್ಲಿತ್ತು. ಹಳೆಯ ಮೀಟರ್ ತೆಗೆದು ಸ್ಮಾರ್ಟ್ ಮೀಟರ್ ಕೂರಿಸಿ ಕೆಲವು ತಿಂಗಳಾಗಿತ್ತು ಅಷ್ಟೇ. ಮೀಟರ್ ಅವರ ಹೆಸರಿನಲ್ಲಿದೆ, ಆ್ಯಪ್ ಅವರ ಮೊಬೈಲಿನಲ್ಲಿದೆ, ದಿನದಿನದ ಬಳಕೆಯ ಪಟ್ಟಿ ಅವರಿಗೆ ಕಾಣುತ್ತದೆ. ಬಿಲ್ಲು ಕಟ್ಟುವವರು ಮಾತ್ರ ನಾವು. ಫೋನಿಟ್ಟ ಮೇಲೆ ಹೆಂಡತಿ ಅಡುಗೆಮನೆಯಿಂದಲೇ ಕೇಳಿದಳು: "ಹಂಗಾರ ನಾವು ಯಾವಾಗ ಮನ್ಯಾಗ ಇರ್ತೀವಿ, ಯಾವಾಗ ಇರೂದಿಲ್ಲ ಅನ್ನೂದು ಅವರಿಗೆ ಕೂತಲ್ಲೇ ಗೊತ್ತಾಗ್ತದ ಅಂದಂಗಾತು?"

ಅವಳ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಬಿಲ್ಲು ಮಾಡುವುದಕ್ಕೆ ಬೇಕಾದ ಲೆಕ್ಕ ಬೇರೆ, ಮನೆಯೊಳಗಿನ ದಿನಚರಿ ಬೇರೆ. ಇವೆರಡೂ ಯಾವಾಗ ಒಂದರೊಳಗೊಂದು ಬೆರೆತವು? ಬೆರೆತದ್ದನ್ನು ಮತ್ತೆ ಬೇರ್ಪಡಿಸಿದವರು ಯಾರಾದರೂ ಇದ್ದಾರೆಯೇ? ಹುಡುಕುತ್ತ ಹೋದಾಗ ಸಿಕ್ಕ ಚರಿತ್ರೆ ನ್ಯೂಯಾರ್ಕಿನಲ್ಲಿ ಆರಂಭವಾಗಿ, ನೆದರ್‌ಲ್ಯಾಂಡ್ಸ್‌ನ ಸಂಸತ್ತನ್ನು ಹಾದು, ನಮ್ಮ ಬಾಡಿಗೆ ಮನೆಯ ಬಾಗಿಲಿಗೇ ಬಂದು ನಿಲ್ಲುತ್ತದೆ.

ಏನೂ ತಿಳಿಯದ ಮೀಟರು

1882ರ ಸೆಪ್ಟೆಂಬರ್ 4ರಂದು ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟ್‌ನಲ್ಲಿ ತನ್ನ ವಿದ್ಯುತ್ ಕೇಂದ್ರವನ್ನು ಚಾಲೂ ಮಾಡಿದ. ದೀಪ ಹತ್ತಿದ್ದೇನೋ ಸರಿ, ಯಾರು ಎಷ್ಟು ಬಳಸಿದರು ಎಂದು ಅಳೆಯುವುದು ಹೇಗೆ? ಎಡಿಸನ್ ಕಂಡುಕೊಂಡ ಉಪಾಯ ಈಗ ಓದಿದರೆ ನಗು ತರಿಸುತ್ತದೆ. ಗ್ರಾಹಕನ ಮನೆಯಲ್ಲಿ ಒಂದು ಜಾಡಿ, ಅದರೊಳಗೆ ಸತುವಿನ ಸಲ್ಫೇಟ್ ದ್ರಾವಣ, ಅದರಲ್ಲಿ ಮುಳುಗಿದ ಸತುವಿನ ತಟ್ಟೆಗಳು. ಮನೆಗೆ ಹೋಗುವ ಕರೆಂಟಿನ ಒಂದು ಸಣ್ಣ ಪಾಲು ಈ ಜಾಡಿಯ ಮೂಲಕ ಹರಿಯುತ್ತಿತ್ತು. ಹರಿದಷ್ಟೂ ಒಂದು ತಟ್ಟೆಯ ಸತು ಕರಗಿ ಇನ್ನೊಂದರ ಮೇಲೆ ಕೂರುತ್ತಿತ್ತು. ಕಂಪನಿಯವನು ಬಂದು ತಟ್ಟೆಗಳನ್ನು ಬಿಚ್ಚಿಕೊಂಡು ಹೋಗಿ ತಕ್ಕಡಿಯಲ್ಲಿ ತೂಗುತ್ತಿದ್ದ. ತೂಕದಲ್ಲಿ ಎಷ್ಟು ವ್ಯತ್ಯಾಸವೋ ಅಷ್ಟು ಬಿಲ್ಲು.

ಆ ತಟ್ಟೆ ಹೇಳುತ್ತಿದ್ದದ್ದು ಒಟ್ಟು ಎಷ್ಟು ಎಂಬುದನ್ನು ಮಾತ್ರ. ಆ ತಿಂಗಳು ಮನೆಯವರು ರಾತ್ರಿ ಎಷ್ಟು ಹೊತ್ತು ಎದ್ದಿದ್ದರು, ಯಾವ ವಾರ ಊರಲ್ಲಿರಲಿಲ್ಲ, ಇವಾವುವೂ ಸತುವಿನ ತೂಕದಲ್ಲಿ ಉಳಿಯುತ್ತಿರಲಿಲ್ಲ.

1889ರಲ್ಲಿ ಬುಡಾಪೆಸ್ಟಿನ ಗಾಂಜ್ ಕಾರ್ಖಾನೆಯ ಇಂಜಿನಿಯರ್ ಒಟ್ಟೊ ಬ್ಲಾಥಿ ಇಂಡಕ್ಷನ್ ತತ್ವದ ಮೀಟರಿಗೆ ಪೇಟೆಂಟ್ ಪಡೆದ. ನಾವೆಲ್ಲ ಚಿಕ್ಕಂದಿನಲ್ಲಿ ನೋಡಿದ, ಗಾಜಿನ ಹಿಂದೆ ತಟ್ಟೆ ತಿರುಗುವ, ಕಪ್ಪು ಪೆಟ್ಟಿಗೆಯ ಮೀಟರು ಆ ವಂಶದ್ದೇ. ಗೀಸರ್ ಹಾಕಿದರೆ ತಟ್ಟೆ ರಭಸದಿಂದ ತಿರುಗುತ್ತಿತ್ತು, ಎಲ್ಲ ಆರಿಸಿದರೆ ನಿಲ್ಲುತ್ತಿತ್ತು. ಆದರೆ ಆ ರಭಸವನ್ನು ನೋಡಲು ಅದರ ಮುಂದೆಯೇ ನಿಂತಿರಬೇಕು. ತಿಂಗಳಿಗೊಮ್ಮೆ ಮೀಟರ್ ರೀಡರ್ ಬಂದು ಅಂಕಿ ಬರೆದುಕೊಂಡು ಹೋಗುತ್ತಿದ್ದ. ವರ್ಷಕ್ಕೆ ಹನ್ನೆರಡು ಅಂಕಿ. ನೂರು ವರ್ಷಕ್ಕೂ ಮಿಕ್ಕಿ ವಿದ್ಯುತ್ ಕಂಪನಿಗೆ ಮನೆಯ ಬಗ್ಗೆ ಗೊತ್ತಿದ್ದದ್ದು ಅಷ್ಟೇ. ಗ್ರಾಹಕರ ಖಾಸಗಿತನವನ್ನು ಕಾಪಾಡೋಣ ಎಂದು ಯಾರೂ ಕೂತು ಯೋಚಿಸಿರಲಿಲ್ಲ. ಮೀಟರಿಗೆ ನೆನಪಿನ ಶಕ್ತಿಯೇ ಇಲ್ಲದ್ದರಿಂದ ಅದು ತಾನಾಗಿ ಉಳಿದುಕೊಂಡಿತ್ತು. ಕಾನೂನಿನ ಬೇಲಿಯಿಲ್ಲದೆ ಹಾಗೆ ಉಳಿದುಕೊಂಡ ವಸ್ತು, ಯಂತ್ರ ಬದಲಾದ ದಿನವೇ ಬಯಲಿಗೆ ಬೀಳುತ್ತದೆ.

ಗ್ರಾಫಿನ ಮೆಟ್ಟಿಲುಗಳು

ಆ ದಿನ ಬಂದದ್ದನ್ನು ಮೊದಲು ಗುರುತಿಸಿದವರಲ್ಲಿ ಒಬ್ಬರು ಜಾರ್ಜ್ ಹಾರ್ಟ್. 1980ರ ದಶಕದ ಆರಂಭದಲ್ಲಿ ಅವರು ಅಮೆರಿಕದ ಎಂಐಟಿಯಲ್ಲಿದ್ದರು. ಮನೆಗಳ ಮೇಲೆ ಸೌರ ಫಲಕ ಹಾಕಿದರೆ ಹೇಗಿರುತ್ತದೆ ಎಂಬ ಅಧ್ಯಯನಕ್ಕಾಗಿ ಮನೆಗಳ ವಿದ್ಯುತ್ ಬಳಕೆಯನ್ನು ಸೂಕ್ಷ್ಮವಾಗಿ ದಾಖಲಿಸುತ್ತಿದ್ದರು. ಗ್ರಾಫ್ ಹಾಳೆಯಲ್ಲಿ ಆ ಅಂಕಿಗಳನ್ನು ನೋಡುತ್ತ ಹೋದಂತೆ ಅವರಿಗೆ ಅದರಲ್ಲಿ ಮೆಟ್ಟಿಲುಗಳು ಕಂಡವು.

ನಮ್ಮ ಮನೆಯ ಉದಾಹರಣೆಯನ್ನೇ ತೆಗೆದುಕೊಳ್ಳಿ. ಬೆಳಗಿನ ಜಾವ ಫ್ರಿಜ್ ಒಂದೇ ಓಡುತ್ತಿರುತ್ತದೆ. ಗೆರೆ ನೂರು ಚಿಲ್ಲರೆ ವಾಟ್ ಏರಿ, ಸ್ವಲ್ಪ ಹೊತ್ತಿಗೆ ಇಳಿದು, ಮತ್ತೆ ಏರುತ್ತದೆ. ಗೀಸರ್ ಹಾಕಿದೊಡನೆ ಒಮ್ಮೆಲೇ ಎರಡು ಸಾವಿರ ವಾಟ್‌ನ ಮೆಟ್ಟಿಲು. ಇಸ್ತ್ರಿಪೆಟ್ಟಿಗೆ ಕಾದು ಆರಿ ಕಾದು ಆರಿ ಹಲ್ಲುಹಲ್ಲಾದ ಗೆರೆ ಬರೆಯುತ್ತದೆ. ಮಿಕ್ಸರಿನದು ಒಂದೆರಡು ನಿಮಿಷದ ಮೊನೆ. ಪ್ರತಿಯೊಂದು ಸಾಧನಕ್ಕೂ ತನ್ನದೇ ರುಜು. ಮನೆಯೊಳಗೆ ಕಾಲಿಡದೆ, ಹೊರಗಿನ ಒಂದೇ ತಂತಿಯನ್ನು ಅಳೆದು, ಒಳಗೆ ಯಾವಾಗ ಯಾವುದು ಓಡಿತೆಂದು ಹೇಳುವ ವಿಧಾನವನ್ನು ಹಾರ್ಟ್ ಮತ್ತು ಅವರ ಸಹೋದ್ಯೋಗಿಗಳು ಬೆಳೆಸಿದರು.

ಹಾರ್ಟ್ ಅಲ್ಲಿಗೇ ನಿಲ್ಲಲಿಲ್ಲ. 1989ರಲ್ಲಿ, ತಂತ್ರಜ್ಞಾನ ಮತ್ತು ಸಮಾಜಕ್ಕೆ ಮೀಸಲಾದ ಇಂಜಿನಿಯರುಗಳ ಪತ್ರಿಕೆಯೊಂದರಲ್ಲಿ, ಇದೇ ವಿಧಾನ ಕಣ್ಗಾವಲಿಗೂ ಬಳಕೆಯಾಗಬಹುದು ಎಂದು ಎಚ್ಚರಿಸಿ ಬರೆದರು. ತಾನು ಕಂಡುಹಿಡಿದ ವಿದ್ಯೆ ಯಾರ ಕೈಗೆ ಹೋದರೆ ಏನಾಗಬಹುದು ಎಂದು ಕಂಡುಹಿಡಿದವರೇ ಹೇಳಿದ್ದು ಸಣ್ಣ ಸಂಗತಿಯಲ್ಲ. ಆ ಹೊತ್ತಿಗೆ ಮನೆಮನೆಗೆ ಸ್ಮಾರ್ಟ್ ಮೀಟರ್ ಎಂಬುದೇ ಇರಲಿಲ್ಲ. ಎಚ್ಚರಿಕೆ ಬಂದದ್ದು ಯಂತ್ರಕ್ಕಿಂತ ಮೊದಲು.

2011ರಲ್ಲಿ ಜರ್ಮನಿಯ ಮ್ಯೂನ್‌ಸ್ಟರ್ ಅನ್ವಯಿಕ ವಿಜ್ಞಾನಗಳ ವಿಶ್ವವಿದ್ಯಾಲಯದ ಸಂಶೋಧಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಎರಡು ಸೆಕೆಂಡಿಗೊಮ್ಮೆ ಅಂಕಿ ಕಳಿಸುವ ಮೀಟರೊಂದನ್ನು ಪರೀಕ್ಷಿಸಿದಾಗ, ಟಿವಿಯ ಪರದೆ ಬೆಳಗುವ ಮತ್ತು ಕಪ್ಪಾಗುವ ಏರಿಳಿತದಿಂದಲೇ ಯಾವ ಚಲನಚಿತ್ರ ಓಡುತ್ತಿದೆಯೆಂದು ಗುರುತಿಸಬಹುದು ಎಂದು ತೋರಿಸಿದರು. ಆದರೆ ಇಲ್ಲಿ ಅವಸರದ ತೀರ್ಮಾನ ಬೇಡ. ನಮ್ಮಲ್ಲಿ ಹಾಕುತ್ತಿರುವ ಮೀಟರುಗಳು ಸಾಮಾನ್ಯವಾಗಿ ಕಾಲುಗಂಟೆ ಅಥವಾ ಅರ್ಧಗಂಟೆಗೊಂದು ಅಂಕಿ ದಾಖಲಿಸುವಂಥವು. ಅದರಲ್ಲಿ ಸಿನಿಮಾ ಕಾಣುವುದಿಲ್ಲ. ಕಾಣುವುದು ನೀವು ಎಷ್ಟು ಗಂಟೆಗೆ ಏಳುತ್ತೀರಿ, ಮನೆ ಖಾಲಿಯಿರುವುದು ಯಾವಾಗ, ಯಾರಾದರೂ ರಾತ್ರಿ ಪಾಳಿಯವರಿದ್ದಾರೆಯೇ, ನೆಂಟರು ಬಂದಿದ್ದಾರೆಯೇ ಎಂಬುದು. ದಿನಕ್ಕೊಂದೇ ಅಂಕಿಯಾದರೆ ಕಾಣುವುದು ಚೌತಿಗೆ ಊರಿಗೆ ಹೋದದ್ದು. ಎಷ್ಟು ಹೊತ್ತಿಗೊಮ್ಮೆ ಅಳೆಯುತ್ತಾರೆ ಎಂಬುದರ ಮೇಲೆ ಎಷ್ಟು ಕಾಣುತ್ತದೆ ಎಂಬುದು ನಿಂತಿದೆ. ಕಾಲುಗಂಟೆಗೊಂದರಂತೆ ಲೆಕ್ಕ ಹಾಕಿದರೆ ದಿನಕ್ಕೆ 96 ಅಂಕಿ, ವರ್ಷಕ್ಕೆ 35,040. ಹನ್ನೆರಡರಿಂದ ಮೂವತ್ತೈದು ಸಾವಿರಕ್ಕೆ ನೆಗೆದಿದ್ದೇವೆ.

ಕಂಪನಿಗೆ ಯಾಕೆ ಬೇಕು?

ಕಂಪನಿಗಳ ಮಾತನ್ನೂ ಕೇಳಬೇಕು. ಕರೆಂಟನ್ನು ಅಕ್ಕಿಯಂತೆ ಮೂಟೆಕಟ್ಟಿ ಇಡಲು ಬರುವುದಿಲ್ಲ. ಈ ಕ್ಷಣಕ್ಕೆ ಬೇಕಾದಷ್ಟನ್ನು ಹೆಚ್ಚುಕಡಿಮೆ ಈ ಕ್ಷಣವೇ ಉತ್ಪಾದಿಸಬೇಕು. ಸಂಜೆ ಏಳಕ್ಕೆ ಯಾವ ಬಡಾವಣೆಯ ಟ್ರಾನ್ಸ್‌ಫಾರ್ಮರ್ ಮೇಲೆ ಎಷ್ಟು ಭಾರ ಬೀಳುತ್ತದೆಂದು ಗೊತ್ತಿದ್ದರೆ ಅದು ಸುಡದಂತೆ ನೋಡಿಕೊಳ್ಳಬಹುದು. ಎಲ್ಲಿ ಸೋರಿಕೆ, ಎಲ್ಲಿ ಕಳ್ಳತನ ಎಂದು ಪತ್ತೆ ಹಚ್ಚಬಹುದು. ಮಧ್ಯಾಹ್ನ ಬಿಸಿಲಿನಿಂದ ಧಾರಾಳವಾಗಿ ಸಿಗುವ ಕರೆಂಟಿಗೆ ಕಡಿಮೆ ದರ, ಸಂಜೆಯ ನೂಕುನುಗ್ಗಲಿಗೆ ಹೆಚ್ಚು ದರ ಎಂದು ವಿಧಿಸಬಹುದು. ಇವೆಲ್ಲ ನಿಜವಾದ ಅಗತ್ಯಗಳೇ. ಇಟಲಿಯ ಎನೆಲ್ ಕಂಪನಿ 2001ರಲ್ಲಿ ಆರಂಭಿಸಿ ಕೆಲವೇ ವರ್ಷಗಳಲ್ಲಿ ಮೂರು ಕೋಟಿಯಷ್ಟು ಮೀಟರುಗಳನ್ನು ಬದಲಿಸಿತು. 2009ರಲ್ಲಿ ಐರೋಪ್ಯ ಒಕ್ಕೂಟ, ಲಾಭದಾಯಕವೆಂದು ಕಂಡ ದೇಶಗಳಲ್ಲಿ 2020ರೊಳಗೆ ಶೇ. 80 ಗ್ರಾಹಕರಿಗೆ ಇಂಥ ಮೀಟರ್ ತಲುಪಬೇಕು ಎಂಬ ಗುರಿ ಇಟ್ಟಿತು.

ಆದರೆ ಈ ಅಗತ್ಯಗಳ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಟ್ರಾನ್ಸ್‌ಫಾರ್ಮರಿಗೆ ಬೇಕಾದದ್ದು ಇಡೀ ಬೀದಿಯ ಮೊತ್ತ. ಬಿಲ್ಲಿಗೆ ಬೇಕಾದದ್ದು ಒಂದೊಂದು ದರದ ಹೊತ್ತಿನ ತಿಂಗಳ ಮೊತ್ತ. 'ಈ ಮನೆ, ಈ ಹೊತ್ತು' ಎಂದು ಎರಡನ್ನೂ ಜೋಡಿಸಿ ಕೇಳುವ ಕೆಲಸಗಳು ತೀರಾ ಕಡಿಮೆ. ಈ ಸರಳ ಸಂಗತಿಯನ್ನು ಒಂದು ದೇಶ ಜಗಳವಾಡಿ ಕಲಿಯಿತು.

ಡಚ್ ಮೇಲ್ಮನೆಯ ಒಂದು ನಿರಾಕರಣೆ

2008ರಲ್ಲಿ ನೆದರ್‌ಲ್ಯಾಂಡ್ಸ್ ಸರ್ಕಾರ ಸ್ಮಾರ್ಟ್ ಮೀಟರನ್ನು ಪ್ರತಿ ಮನೆಗೂ ಕಡ್ಡಾಯ ಮಾಡುವ ಮಸೂದೆ ತಂದಿತು. ವಿದ್ಯುತ್ತಿನ ಅಂಕಿ ಕಾಲುಗಂಟೆಗೊಮ್ಮೆ, ಗ್ಯಾಸಿನದು ಗಂಟೆಗೊಮ್ಮೆ ದಾಖಲಾಗಿ ಕಂಪನಿಗೆ ಹೋಗುವ ವ್ಯವಸ್ಥೆ. ಬೇಡ ಎನ್ನುವ ಮನೆಯವರಿಗೆ 17,000 ಯೂರೋವರೆಗೆ ದಂಡ ಅಥವಾ ಆರು ತಿಂಗಳವರೆಗೆ ಜೈಲು. ಕೆಳಮನೆ ಅದನ್ನು ಅಂಗೀಕರಿಸಿತು.

ಆಗ ಅಲ್ಲಿನ ಗ್ರಾಹಕ ಸಂಘಟನೆ ಕನ್ಸುಮೆಂಟೆನ್‌ಬಾಂಡ್ ಬೀದಿಗಿಳಿದು ಕೂಗುವ ಬದಲು ಒಂದು ಕೆಲಸ ಮಾಡಿತು. ಈ ಮಸೂದೆ ಕಾನೂನಿನ ಎದುರು ನಿಲ್ಲುತ್ತದೆಯೇ ನೋಡಿ ಹೇಳಿ ಎಂದು ಟಿಲ್ಬರ್ಗ್ ವಿಶ್ವವಿದ್ಯಾಲಯವನ್ನು ಕೇಳಿತು. ಅಲ್ಲಿನ ಕಾನೂನು ವಿದ್ವಾಂಸರಾದ ಕೊಲೆಟ್ ಕಾಯ್ಪರ್ಸ್ ಮತ್ತು ಬರ್ಟ್-ಯಾಪ್ ಕೂಪ್ಸ್ ಮಸೂದೆಯನ್ನು ಐರೋಪ್ಯ ಮಾನವ ಹಕ್ಕುಗಳ ಒಡಂಬಡಿಕೆಯ 8ನೇ ವಿಧಿಯ ಪಕ್ಕ ಇಟ್ಟು ನೋಡಿದರು. ಖಾಸಗಿ ಬದುಕು, ಕುಟುಂಬ, ಮನೆ ಇವುಗಳಿಗೆ ಗೌರವ ಸಿಗಬೇಕೆಂದು ಹೇಳುವ ವಿಧಿ ಅದು. ಸರ್ಕಾರ ಅದರೊಳಗೆ ಕೈಹಾಕಬಹುದು, ಆದರೆ ಪ್ರಜಾಪ್ರಭುತ್ವದಲ್ಲಿ ಅದು ಅನಿವಾರ್ಯ ಎಂದು ತೋರಿಸಿಕೊಡಬೇಕು. ಕಾಲುಗಂಟೆಯ ಅಂಕಿಗಳನ್ನು ಎಲ್ಲರಿಂದಲೂ ಕಡ್ಡಾಯವಾಗಿ ಪಡೆಯುವುದು ಅನಿವಾರ್ಯವೆಂದು ಸರ್ಕಾರ ತೋರಿಸಿಕೊಟ್ಟಿಲ್ಲ ಎಂಬುದು ಅವರ ವರದಿಯ ಸಾರ. 2009ರ ಏಪ್ರಿಲ್‌ನಲ್ಲಿ ಮೇಲ್ಮನೆ ಮಸೂದೆಯನ್ನು ತಡೆಯಿತು.

ಒಂದು ಮೀಟರಿನ ಮೇಲೆ ಇಷ್ಟೊಂದು ಚರ್ಚೆ ಯಾಕೆ ಎಂದು ನಮಗನ್ನಿಸಬಹುದು. ಆ ದೇಶದ ಚರಿತ್ರೆಯಲ್ಲಿ ಇದಕ್ಕೆ ಹಿನ್ನೆಲೆಯಿದೆ. ಎರಡನೆಯ ಮಹಾಯುದ್ಧಕ್ಕೆ ಮೊದಲು ಅಲ್ಲಿನ ನಗರಸಭೆಗಳು ಜನರ ಹೆಸರು, ವಿಳಾಸದ ಜತೆ ಧರ್ಮವನ್ನೂ ಅಚ್ಚುಕಟ್ಟಾಗಿ ಬರೆದಿಟ್ಟುಕೊಂಡಿದ್ದವು. ಬರೆದವರ ಮನಸ್ಸಿನಲ್ಲಿ ಕೆಡುಕಿರಲಿಲ್ಲ; ಅದು ಆಡಳಿತದ ಲೆಕ್ಕ. 1940ರಲ್ಲಿ ನಾಜಿಗಳು ದೇಶವನ್ನು ಆಕ್ರಮಿಸಿದಾಗ ಯಹೂದಿಗಳನ್ನು ಮನೆ ಮನೆಯಿಂದ ಹುಡುಕಿ ತೆಗೆಯಲು ಅದೇ ಲೆಕ್ಕ ಒದಗಿತು. 1943ರ ಮಾರ್ಚ್ 27ರ ರಾತ್ರಿ ಪ್ರತಿರೋಧದ ಗುಂಪೊಂದು ಪೊಲೀಸರ ವೇಷದಲ್ಲಿ ಆಮ್‌ಸ್ಟರ್‌ಡಾಮಿನ ಆ ಕಚೇರಿಯೊಳಗೆ ನುಗ್ಗಿ ದಾಖಲೆಗಳಿಗೆ ಬೆಂಕಿಯಿಟ್ಟಿತು. ಹೆಚ್ಚಿನ ಕಾರ್ಡುಗಳು ಸುಡಲಿಲ್ಲ. ಗುಂಪಿನ ಹನ್ನೆರಡು ಮಂದಿಯನ್ನು ನಾಜಿಗಳು ಗುಂಡಿಟ್ಟು ಕೊಂದರು. ಮುಂದೆ 1971ರ ಜನಗಣತಿಗೆ ಅಲ್ಲಿ ಎಷ್ಟು ವಿರೋಧ ಬಂತೆಂದರೆ ಮನೆಮನೆಗೆ ಹೋಗಿ ಎಣಿಸುವ ಗಣತಿ ಅದೇ ಕೊನೆಯದಾಯಿತು. ಒಂದು ಉದ್ದೇಶಕ್ಕೆ ಬರೆದಿಟ್ಟದ್ದು ಇನ್ನೊಂದು ಉದ್ದೇಶಕ್ಕೆ ಒದಗಿ ಬರುವುದನ್ನು ಕಣ್ಣಾರೆ ಕಂಡ ಸಮಾಜ ಅದು.

ಮಸೂದೆ ಬಿದ್ದಮೇಲೆ ಸ್ಮಾರ್ಟ್ ಮೀಟರ್ ಸತ್ತುಹೋಗಲಿಲ್ಲ. ತಿದ್ದಿದ ಕಾನೂನು 2011ರಲ್ಲಿ ಅಂಗೀಕಾರವಾಯಿತು. ಈಗ ಮನೆಯವರ ಮುಂದೆ ಆಯ್ಕೆಗಳಿದ್ದವು. ಮೀಟರೇ ಬೇಡ ಎನ್ನಬಹುದಿತ್ತು. ಮೀಟರ್ ಇರಲಿ, ದೂರದಿಂದ ಓದುವುದು ಬೇಡ ಎನ್ನಬಹುದಿತ್ತು. ಏನೂ ಹೇಳದೆ ಸುಮ್ಮನಿದ್ದರೆ ಎರಡು ತಿಂಗಳಿಗೊಮ್ಮೆ, ಅದರ ಜತೆ ವರ್ಷದ ಬಿಲ್ಲಿಗೆ, ಮನೆ ಬದಲಿಸುವಾಗ ಮತ್ತು ಕಂಪನಿ ಬದಲಿಸುವಾಗ ಮಾತ್ರ ಅಂಕಿ ಹೋಗುತ್ತಿತ್ತು. ಇನ್ನೂ ಸೂಕ್ಷ್ಮವಾದ ಅಂಕಿ ಬೇಕಾದರೆ ಕಂಪನಿ ಮನೆಯವರ ಒಪ್ಪಿಗೆ ಕೇಳಬೇಕಿತ್ತು. ಜತೆಗೆ ಮೀಟರಿನ ಮೈಯಲ್ಲೇ ಪಿ1 ಎಂಬ ಒಂದು ಕಿಂಡಿ ಇಟ್ಟರು. ಮನೆಯವರು ಅದಕ್ಕೆ ತಂತಿ ಸಿಕ್ಕಿಸಿದರೆ ಕೆಲವು ಸೆಕೆಂಡಿಗೊಮ್ಮೆ ತಮ್ಮ ಬಳಕೆಯನ್ನು ತಾವೇ ನೋಡಬಹುದು. ಸೂಕ್ಷ್ಮವಾದ ದಿನಚರಿ ಮನೆಯೊಳಗೇ ಉಳಿಯಿತು. ಹೊರಗೆ ಹೋದದ್ದು ಲೆಕ್ಕ. 2015ರಿಂದ ದೊಡ್ಡ ಪ್ರಮಾಣದಲ್ಲಿ ಅಳವಡಿಕೆ ನಡೆದು, ದೇಶದ ಬಹುಪಾಲು ಮನೆಗಳು ಮೀಟರನ್ನು ಒಪ್ಪಿಕೊಂಡವು. ಬೇಡ ಎನ್ನುವ ಹಕ್ಕು ಕೊಟ್ಟರೆ ಯೋಜನೆಯೇ ಮುಳುಗುತ್ತದೆ ಎಂಬ ಅಂಜಿಕೆ ಸುಳ್ಳಾಯಿತು.

ಮೊತ್ತ ಗೊತ್ತು, ಬಿಡಿ ಅಂಕಿ ಗೊತ್ತಿಲ್ಲ

ಕಾನೂನಿನವರು ಜಗಳವಾಡುತ್ತಿದ್ದ ವರ್ಷಗಳಲ್ಲೇ ಗಣಿತದವರೂ ಸುಮ್ಮನಿರಲಿಲ್ಲ. 2010ರಲ್ಲಿ ಅದೇ ದೇಶದ ನೈಮೇಗನ್ ನಗರದ ರಾಡ್‌ಬೌಡ್ ವಿಶ್ವವಿದ್ಯಾಲಯದ ಫ್ಲಾವಿಯೊ ಗಾರ್ಸಿಯಾ ಮತ್ತು ಬಾರ್ಟ್ ಯಾಕಬ್ಸ್, ಬೀಗ ಹಾಕಿದ ಅಂಕಿಗಳನ್ನು ಬೀಗ ತೆಗೆಯದೆಯೇ ಕೂಡಿಸುವ ಗುಪ್ತಲಿಪಿಯನ್ನು ಮೀಟರುಗಳಿಗೆ ಹೊಂದಿಸಿ ತೋರಿಸಿದರು. ಮರುವರ್ಷ ಕ್ಲಾಸ್ ಕುರ್ಸಾವೆ, ಜಾರ್ಜ್ ಡನೇಜಿಸ್ ಮತ್ತು ಮಾರ್ಕುಲ್ಫ್ ಕೋಲ್‌ವೈಸ್ ಅದನ್ನು ಇನ್ನೂ ಹಗುರ ಮಾಡಿದರು. ಈ ಎರಡನೆಯ ದಾರಿಯ ಮೂಲ ಉಪಾಯ ನಾಲ್ಕನೆಯ ಕ್ಲಾಸಿನ ಲೆಕ್ಕದಷ್ಟು ಸುಲಭ.

ಒಂದು ಮಹಡಿಯಲ್ಲಿ ಮೂರು ಮನೆಗಳಿವೆ ಎನ್ನಿ. ಇಂದಿನ ಬಳಕೆ ಮೊದಲನೆಯದರಲ್ಲಿ 5, ಎರಡನೆಯದರಲ್ಲಿ 8, ಮೂರನೆಯದರಲ್ಲಿ 3. ಒಂದೊಂದು ಜೋಡಿ ಮನೆಯೂ ತಮ್ಮತಮ್ಮಲ್ಲೇ ಒಂದು ಗುಟ್ಟಿನ ಸಂಖ್ಯೆ ಇಟ್ಟುಕೊಳ್ಳುತ್ತದೆ. ಒಂದು ಮತ್ತು ಎರಡನೆಯ ಮನೆಗಳ ನಡುವೆ 40, ಎರಡು ಮತ್ತು ಮೂರರ ನಡುವೆ 25, ಒಂದು ಮತ್ತು ಮೂರರ ನಡುವೆ 12. ಪ್ರತಿ ಜೋಡಿಯಲ್ಲಿ ಮೊದಲಿನವರು ಆ ಗುಟ್ಟನ್ನು ತಮ್ಮ ಅಂಕಿಗೆ ಕೂಡಿಸುತ್ತಾರೆ, ಎರಡನೆಯವರು ಕಳೆಯುತ್ತಾರೆ. ಮೊದಲ ಮನೆ ಕಂಪನಿಗೆ ಕಳಿಸುವುದು 5ಕ್ಕೆ 40 ಮತ್ತು 12 ಸೇರಿಸಿ 57. ಎರಡನೆಯ ಮನೆ 8ರಲ್ಲಿ 40 ಕಳೆದು 25 ಕೂಡಿಸಿ ಋಣ 7. ಮೂರನೆಯ ಮನೆ 3ರಲ್ಲಿ 25 ಮತ್ತು 12 ಕಳೆದು ಋಣ 34. ಈ ಮೂರರಲ್ಲಿ ಯಾವುದನ್ನು ನೋಡಿದರೂ ಆ ಮನೆಯ ಬಳಕೆ ತಿಳಿಯುವುದಿಲ್ಲ. ಆದರೆ ಮೂರನ್ನೂ ಕೂಡಿಸಿದರೆ ಗುಟ್ಟುಗಳೆಲ್ಲ ಒಂದನ್ನೊಂದು ಹೊಡೆದುಹಾಕಿ ಉಳಿಯುವುದು 16. ಅದೇ 5, 8 ಮತ್ತು 3ರ ಮೊತ್ತ. ಟ್ರಾನ್ಸ್‌ಫಾರ್ಮರಿಗೆ ಬೇಕಾದ ಉತ್ತರ ಸಿಕ್ಕಿತು, ಯಾರ ಮನೆಯೊಳಗೂ ಇಣುಕಿದಂತಾಗಲಿಲ್ಲ.

ಬಿಲ್ಲಿಗೂ ದಾರಿಯಿತ್ತು. 2011ರಲ್ಲಿಯೇ ಆಲ್ಫ್ರೆಡೊ ರಿಯಾಲ್ ಮತ್ತು ಡನೇಜಿಸ್ ವಿವರಿಸಿದ ವಿಧಾನದಲ್ಲಿ, ಮೀಟರು ತನ್ನ ಅಂಕಿಗಳಿಗೆ ರುಜು ಹಾಕಿ ಮನೆಯವರ ಸಾಧನಕ್ಕೇ ಕೊಡುತ್ತದೆ. ಹೊತ್ತಿಗೆ ತಕ್ಕ ದರದಲ್ಲಿ ಬಿಲ್ಲನ್ನು ಮನೆಯಲ್ಲೇ ಲೆಕ್ಕಹಾಕಿ, ಕಂಪನಿಗೆ ಮೊತ್ತವನ್ನೂ, ಆ ಮೊತ್ತ ಸರಿಯಾಗಿದೆ ಎಂಬುದರ ಗಣಿತದ ರುಜುವಾತನ್ನೂ ಕಳಿಸಲಾಗುತ್ತದೆ. ಗ್ರಾಹಕ ಮೋಸ ಮಾಡಲಾರ, ಕಂಪನಿ ಇಣುಕಲಾರದು. ಇನ್ನೂ ಸರಳವಾದ ಉಪಾಯವೊಂದನ್ನು 2010ರಲ್ಲಿ ಎಫ್ತಿಮಿಯು ಮತ್ತು ಕಲೋಗ್ರಿಡಿಸ್ ಎಂಬ ಸಂಶೋಧಕರು ಮುಂದಿಟ್ಟರು. ಮೀಟರಿಗೆ ಎರಡು ಗುರುತುಸಂಖ್ಯೆ ಇರಲಿ. ಬಿಲ್ಲಿಗೆ ಅಪರೂಪಕ್ಕೆ ಹೋಗುವ ಅಂಕಿ ಗ್ರಾಹಕನ ಹೆಸರಿಗೆ ಅಂಟಿದ ಗುರುತಿನಲ್ಲಿ ಹೋಗಲಿ. ಜಾಲದ ನಿರ್ವಹಣೆಗೆ ಮೇಲಿಂದಮೇಲೆ ಹೋಗುವ ಅಂಕಿ ಹೆಸರಿಲ್ಲದ ಇನ್ನೊಂದು ಗುರುತಿನಲ್ಲಿ ಹೋಗಲಿ. ಎರಡೂ ಒಂದೇ ಮನೆಯದ್ದೆಂದು ಕಂಪನಿಗೆ ತಿಳಿಯಬೇಕಿಲ್ಲ.

ತೊಡಕುಗಳಿಲ್ಲ ಎಂದಲ್ಲ. ಮೂರು ಮನೆಗಳಲ್ಲಿ ಒಂದರ ಮೀಟರ್ ಕೆಟ್ಟು ಅಂಕಿ ಕಳಿಸದಿದ್ದರೆ ಗುಟ್ಟುಗಳು ಹೊಡೆದುಹೋಗದೆ ಮೊತ್ತವೇ ಹಾಳಾಗುತ್ತದೆ. ಅದಕ್ಕೆ ಬೇರೆ ಏರ್ಪಾಟು ಬೇಕು. ಗುಂಪು ತೀರಾ ಚಿಕ್ಕದಾದರೆ ಮೊತ್ತವೇ ಗುಟ್ಟು ಬಿಟ್ಟುಕೊಡುತ್ತದೆ. ಹೆಸರಿಲ್ಲದ ಅಂಕಿಯನ್ನೂ ಚೆನ್ನಾಗಿ ಗಮನಿಸಿದರೆ ಯಾರದ್ದೆಂದು ಊಹಿಸಬಹುದು. ಅಗ್ಗದ ಮೀಟರಿನೊಳಗಿನ ಪುಟ್ಟ ಚಿಪ್ಪಿಗೆ ದೊಡ್ಡ ಲೆಕ್ಕಗಳು ಭಾರವಾಗುತ್ತವೆ. ಆದರೆ ಕರೆಂಟು ಬೇಕಾದರೆ ದಿನಚರಿ ಕೊಡಲೇಬೇಕು, ಬೇರೆ ದಾರಿಯೇ ಇಲ್ಲ ಎಂದು ಇನ್ನು ಮುಂದೆ ಯಾರೂ ಹೇಳುವಂತಿಲ್ಲ. ದಾರಿಯಿದೆ ಎಂದು ತೋರಿಸಿ ಹದಿನೈದು ವರ್ಷವಾಗುತ್ತ ಬಂತು.

ನಮ್ಮ ಬಾಗಿಲಿಗೆ

2018ರ ಆಗಸ್ಟ್‌ನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು ಇಲಿನಾಯ್ ರಾಜ್ಯದ ನೇಪರ್‌ವಿಲ್ ಪಟ್ಟಣದ ಪ್ರಕರಣದಲ್ಲಿ ಸೂಕ್ಷ್ಮವಾದ ತೀರ್ಪು ಕೊಟ್ಟಿತು. ಅಲ್ಲಿ ವಿದ್ಯುತ್ ಕೊಡುವುದು ಪಟ್ಟಣದ ಆಡಳಿತವೇ. ಕಾಲುಗಂಟೆಗೊಮ್ಮೆ ಮನೆಯ ಅಂಕಿ ತೆಗೆದುಕೊಳ್ಳುವುದು ಮನೆಯನ್ನು ಶೋಧಿಸಿದಂತೆಯೇ ಸರಿ ಎಂದು ನ್ಯಾಯಾಲಯ ಒಪ್ಪಿತು. ಆದರೆ ಆ ಅಂಕಿ ಅಪರಾಧದ ತನಿಖೆಗಾಗಿ ಅಲ್ಲ, ವಿದ್ಯುತ್ ಜಾಲಕ್ಕಾಗಿ ಇರುವುದರಿಂದ ಈ ಶೋಧ ಸಕಾರಣವಾದದ್ದು ಎಂದಿತು. ಇನ್ನೂ ಬೇಗಬೇಗ ಅಳೆದರೆ, ಅಥವಾ ಅಂಕಿ ಸುಲಭವಾಗಿ ಪೊಲೀಸರ ಕೈಗೆ ಹೋಗುವಂತಾದರೆ ಉತ್ತರ ಬೇರೆಯಾಗಬಹುದು ಎಂದೂ ಎಚ್ಚರಿಸಿತು.

ಅದಕ್ಕೆ ಒಂದು ವರ್ಷ ಮೊದಲು, 2017ರ ಆಗಸ್ಟ್ 24ರಂದು, ನಮ್ಮ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಸಾರಿತ್ತು. ಆ ತೀರ್ಪಿಗೆ ಹೆಸರು ಕೊಟ್ಟವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿ ಅರ್ಜಿ ಹಾಕಿದಾಗ ಅವರಿಗೆ ಎಂಬತ್ತಾರು ವರ್ಷ. 2024ರಲ್ಲಿ ತೀರಿಕೊಂಡರು. ಸರ್ಕಾರ ಖಾಸಗಿ ಬದುಕಿನೊಳಗೆ ಬರಬೇಕಾದರೆ ಅದಕ್ಕೊಂದು ಕಾನೂನಿರಬೇಕು, ನ್ಯಾಯವಾದ ಉದ್ದೇಶವಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಒಳಬರಬೇಕು ಎಂಬುದು ಆ ತೀರ್ಪಿನಿಂದ ಬಂದ ಅಳತೆಗೋಲು. ಡಚ್ ಮೇಲ್ಮನೆಯ ಮುಂದೆ ಟಿಲ್ಬರ್ಗ್‌ನವರು ಇಟ್ಟ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ.

ಆ ಅಳತೆಗೋಲು ಈಗ ಬೇಕಾಗಿದೆ. 2021ರಲ್ಲಿ ಕೇಂದ್ರ ಸರ್ಕಾರ ವಿದ್ಯುತ್ ವಿತರಣೆಯ ಸುಧಾರಣೆಗೆ ತಂದ ಯೋಜನೆಯಲ್ಲಿ 25 ಕೋಟಿ ಪ್ರಿಪೇಯ್ಡ್ ಸ್ಮಾರ್ಟ್ ಮೀಟರುಗಳ ಗುರಿ ಇದೆ. ಇಂಥ ಮೀಟರನ್ನು ದಿನಕ್ಕೆ ಒಮ್ಮೆಯಾದರೂ ದೂರದಿಂದ ಓದಬೇಕು ಎಂದು 2023ರ ನಿಯಮ ಹೇಳುತ್ತದೆ. ಅದೇ ವರ್ಷ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಬಂತು. ಮೀಟರ್ ಕುರಿತು ನಮ್ಮಲ್ಲಿ ನಡೆದ ಜಗಳಗಳು ಹೆಚ್ಚಾಗಿ ಬೆಲೆಯ ಬಗ್ಗೆ, ಬಿಲ್ಲು ಏರುತ್ತದೆಂಬ ಬಗ್ಗೆ, ಮುಂಗಡ ರೊಕ್ಕದ ಬಗ್ಗೆ. ಅವು ಬೇಡವೆಂದಲ್ಲ. ಆದರೆ ಒಳಗಿನ ಅಂಕಿಯನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆ ಆ ಗದ್ದಲದಲ್ಲಿ ಅಷ್ಟಾಗಿ ಕೇಳಿಸಲಿಲ್ಲ.

ಅದರಲ್ಲೂ ನಮ್ಮಂಥವರಿಗೆ, ಮುಂಬಯಿಯಲ್ಲಿ, ಪುಣೆಯಲ್ಲಿ, ಹೈದರಾಬಾದಿನಲ್ಲಿ, ಚೆನ್ನೈಯಲ್ಲಿ, ದಿಲ್ಲಿಯಲ್ಲಿ ಬಾಡಿಗೆಗಿರುವವರಿಗೆ, ಇನ್ನೊಂದು ಗಂಟಿದೆ. ಡಚ್ಚರ ಜಗಳದಲ್ಲಿ ಇದ್ದದ್ದು ಕಂಪನಿ ಮತ್ತು ಮನೆಯವರು. ನಮ್ಮಲ್ಲಿ ನಡುವೆ ಮಾಲೀಕರಿದ್ದಾರೆ. ಕಂಪನಿಯ ಪುಸ್ತಕದಲ್ಲಿ ಗ್ರಾಹಕ ಎಂದರೆ ಮೀಟರ್ ಯಾರ ಹೆಸರಿನಲ್ಲಿದೆಯೋ ಅವರು. ಆದರೆ ಆ ಅಂಕಿಗಳಲ್ಲಿರುವ ನಿದ್ದೆ, ಎಚ್ಚರ, ಊರಿನ ಪ್ರಯಾಣ ಎಲ್ಲ ಬಾಡಿಗೆದಾರರದು. ಒಬ್ಬಂಟಿಯಾಗಿರುವ ಹುಡುಗಿಯೊಬ್ಬಳ ಮನೆಯ ಪಟ್ಟಿ ಮಾಲೀಕರ ಮೊಬೈಲಿನಲ್ಲಿ ದಿನಾ ತೆರೆದುಕೊಳ್ಳುತ್ತದೆ ಎಂದು ನೆನೆಸಿಕೊಂಡರೆ ಈ ಗಂಟು ಎಷ್ಟು ಬಿಗಿ ಎಂದು ತಿಳಿಯುತ್ತದೆ. 2023ರ ಕಾಯ್ದೆ ದತ್ತಾಂಶ ಯಾವ ವ್ಯಕ್ತಿಗೆ ಸಂಬಂಧಿಸಿದ್ದೋ ಅವರನ್ನೇ ಮುಖ್ಯರೆಂದು ಗುರುತಿಸುತ್ತದೆ. ಆ ವ್ಯಾಖ್ಯೆ ಮೀಟರಿನವರೆಗೂ ಇಳಿದು ಬರಬೇಕು. ನಾವು ಕೇಳಬೇಕಾದದ್ದು ದೊಡ್ಡದೇನಲ್ಲ. ಬಿಲ್ಲಿಗೆ ಮೊತ್ತ ಸಾಕು. ದಿನದ ವಿವರ ವಾಸವಿರುವವರಿಗೆ ಮಾತ್ರ ಕಾಣಲಿ. ಎಷ್ಟು ದಿನ ಇಟ್ಟುಕೊಳ್ಳುತ್ತಾರೆ, ಯಾರಿಗೆ ಕೊಡುತ್ತಾರೆ ಎಂಬುದನ್ನು ನಮ್ಮ ಭಾಷೆಯಲ್ಲಿ ಬರೆದು ಹೇಳಲಿ.

ಕಳೆದ ತಿಂಗಳು ಕರಾರು ಬದಲಿಸಲು ನಾಸಿಕ್‌ನಿಂದ ಮಾಲೀಕರು ಬಂದಿದ್ದರು. ಚಹಾ ಕುಡಿಯುತ್ತ ಈ ಮಾತೆತ್ತಿದೆ. ಸಂಕೋಚದಿಂದಲೇ, "ಕಾಕಾ, ಆ ಆ್ಯಪನ್ನು ನಮ್ಮ ನಂಬರಿಗೆ ಹಾಕಿಸಿಕೊಳ್ಳಬಹುದೇ? ಬಿಲ್ಲು ಕಟ್ಟಿದ ರಸೀದಿ ಪ್ರತಿ ತಿಂಗಳು ನಿಮಗೆ ಕಳಿಸುತ್ತೇನೆ" ಎಂದೆ. ಅವರು ಕ್ಷಣ ನನ್ನ ಮುಖ ನೋಡಿದರು. ಚೌತಿಯ ಫೋನು ನೆನಪಾಗಿರಬೇಕು. "ನಾನು ಹಾಗೆ ಕೇಳಬಾರದಿತ್ತೇನೋ" ಎಂದರು. ಇಲ್ಲ ಕಾಕಾ, ನಿಮ್ಮದೇನೂ ತಪ್ಪಿಲ್ಲ ಎಂದೆ, ಮತ್ತು ಅದು ಉಪಚಾರದ ಮಾತಾಗಿರಲಿಲ್ಲ. ಪಟ್ಟಿ ಕಣ್ಣ ಮುಂದಿದ್ದರೆ ಯಾರಾದರೂ ಓದುತ್ತಾರೆ. ಅವರು ಮೊಬೈಲ್ ತೆಗೆದು ನನ್ನ ಕೈಗೆ ಕೊಟ್ಟರು. ನಂಬರು ಬದಲಿಸುವ ಮೊದಲು ನಾನೂ ಒಮ್ಮೆ ಆ ಪಟ್ಟಿಯನ್ನು ನೋಡಿದೆ. ಮಗಳಿಗೆ ಜ್ವರ ಬಂದು ರಾತ್ರಿಯಿಡೀ ದೀಪ, ಫ್ಯಾನು ಉರಿದ ವಾರ, ಅತ್ತೆ ಬಂದು ತಿಂಗಳಿದ್ದದ್ದು, ನಾಲ್ಕು ದಿನ ಒಂದೊಂದೇ ಯೂನಿಟ್ಟಿನ ಚೌತಿ. ನಾವು ಯಾರಿಗೂ ಹೇಳದಿದ್ದರೂ ನಮ್ಮ ಮನೆಯ ವರ್ಷ ಅಲ್ಲಿ ಸಾಲಾಗಿ ನಿಂತಿತ್ತು.